ಶಾಪವಿಲ್ಲದ ವರ

ಕಳೆದ ತಿಂಗಳು ಇದೇ ಅಂಕಣದಲ್ಲಿ ಓದುಗರೊಬ್ಬರು, ‘ಮೊದಲ ಸೀಸನ್ ನೋಡಿ ಅಲ್ಲಿಗೇ ಬಿಟ್ಟುಬಿಡಬಹುದಾದ ಇಂಗ್ಲಿಷ್ ಧಾರಾವಾಹಿ ಯಾವುದಾದರೂ ಇದೆಯೇ?’ ಎಂದು ಕೇಳಿದ್ದರು. ‘ಹೀರೋಸ್’ ಎಂದಷ್ಟೇ ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ ಒಂದು ಪದಕ್ಕೆ ಇಷ್ಟು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಕೆಲವರಿಗೆ ಸಂತೋಷ, ಕೆಲವರಿಗೆ ಕೋಪ. ಹೆಚ್ಚಿನವರು ಕೇಳಿದ್ದು ಒಂದೇ: ಅಷ್ಟು ಚೆನ್ನಾಗಿ ಶುರುವಾದದ್ದು ಯಾಕೆ ಹಾಗಾಯಿತು? ಈ ಸಲದ ಜಾಗವನ್ನೆಲ್ಲ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ನೋಡದವರಿಗಾಗಿ ನಾಲ್ಕು ಮಾತು. ‘ಹೀರೋಸ್’ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 2006ರ ಸೆಪ್ಟೆಂಬರ್ 25ರಂದು ಶುರುವಾಗಿ 2010ರ ಫೆಬ್ರವರಿ 8ರಂದು ಮುಗಿಯಿತು. ನಾಲ್ಕು ಸೀಸನ್. ಕಥೆ ಕಟ್ಟಿದವರು ಟಿಮ್ ಕ್ರಿಂಗ್. ಟೋಕಿಯೋದ ಒಬ್ಬ ಕಚೇರಿ ನೌಕರ, ಟೆಕ್ಸಾಸ್‌ನ ಒಡೆಸ್ಸಾ ಊರಿನ ಒಬ್ಬ ಶಾಲಾ ಹುಡುಗಿ, ನ್ಯೂಯಾರ್ಕಿನಲ್ಲಿ ಸಾವಿನಂಚಿನ ರೋಗಿಗಳನ್ನು ನೋಡಿಕೊಳ್ಳುವ ಒಬ್ಬ ನರ್ಸ್, ಲಾಸ್ ಏಂಜಲೀಸ್‌ನ ಒಬ್ಬ ಪೊಲೀಸ್ ಪೇದೆ: ಒಬ್ಬರಿಗೊಬ್ಬರು ಗುರುತಿಲ್ಲದ ಇಂಥವರಿಗೆಲ್ಲ ಇದ್ದಕ್ಕಿದ್ದಂತೆ ಒಂದೊಂದು ಅತಿಮಾನುಷ ಶಕ್ತಿ ಬರುತ್ತದೆ. ಅದೇ ಹೊತ್ತಿಗೆ ಒಬ್ಬ ಚಿತ್ರಕಾರ ನ್ಯೂಯಾರ್ಕ್ ನಗರ ಸ್ಫೋಟವಾಗಿ ಉರಿಯುತ್ತಿರುವ ಚಿತ್ರ ಬರೆಯುತ್ತಾನೆ. ಅವನು ಬರೆದದ್ದೆಲ್ಲ ನಡೆಯುತ್ತದೆ. ಇದನ್ನು ತಡೆಯುವವರು ಯಾರು?

ಇನ್ನು ಪತ್ರಗಳು.

ಮೊದಲ ಸೀಸನ್ ಮೂರು ರಾತ್ರಿಯಲ್ಲಿ ಮುಗಿಸಿದೆ. ಎರಡನೆಯದರ ಐದನೇ ಸಂಚಿಕೆಗೆ ಬರುವಷ್ಟರಲ್ಲಿ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ತಪ್ಪು ನನ್ನದೋ, ಅವರದೋ? — ಬ್ಯಾಂಕ್ ಉದ್ಯೋಗಿ, ಹಾಸನ

ನಿಮ್ಮದಲ್ಲ ಸರ್. ನೀವು ನಿಲ್ಲಿಸಿದ ಜಾಗದಲ್ಲೇ ಲಕ್ಷಾಂತರ ಜನ ನಿಲ್ಲಿಸಿದ್ದಾರೆ. ಮೊಟ್ಟಮೊದಲ ಸಂಚಿಕೆಯನ್ನು ಅಮೆರಿಕದಲ್ಲಿ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದ್ದರು. ಕಟ್ಟಕಡೆಯದನ್ನು ನೋಡಿದವರು 50 ಲಕ್ಷವೂ ಇರಲಿಲ್ಲ.

ನಾನು ಇದನ್ನು ನೋಡಿದ್ದು 2008ರ ಬೇಸಿಗೆಯಲ್ಲಿ. ನಮ್ಮಕ್ಕನ ಮಗ ನ್ಯೂಜೆರ್ಸಿಯಿಂದ ಬಂದವನು ಮೊದಲ ಸೀಸನ್ನಿನ ಡಿವಿಡಿ ಪೆಟ್ಟಿಗೆ ತಂದಿದ್ದ. ಅಲ್ಲಿಯ ಡಿಸ್ಕ್ ನಮ್ಮ ಪ್ಲೇಯರ್‌ಗೆ ಹಿಡಿಸಲಿಲ್ಲವಾಗಿ ಅವನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ನೋಡಿದೆವು. ಆಗ ನಾನು ದಿನದ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಿದ್ದೆ. ದಿನಕ್ಕೊಂದು ಸಂಚಿಕೆ, ಬೆಳಿಗ್ಗೆ ಒಂಬತ್ತಕ್ಕೆ ಸೆಟ್‌ಗೆ ಹಾಳೆ ತಲುಪಬೇಕು. ಬೇರೆಯವರ ಕೆಲಸ ನೋಡುವಾಗಲೂ ಹೊಲಿಗೆ ಎಲ್ಲಿದೆ ಎಂದು ಕಣ್ಣು ಹುಡುಕುತ್ತಿತ್ತು. ಮೊದಲ ಸೀಸನ್ನಿನ 23 ಸಂಚಿಕೆಗಳಲ್ಲಿ ಬಹಳ ಹೊತ್ತು ಆ ಹುಡುಕಾಟವನ್ನೇ ಮರೆತಿದ್ದೆ.

ಅದು ಯಾಕೆ ಹಿಡಿಯಿತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಪುರಾಣಗಳಲ್ಲಿ ವರದ ಬೆನ್ನಿಗೇ ಶಾಪ ಇರುತ್ತದೆ. ಕರ್ಣನಿಗೆ ಪರಶುರಾಮರಿಂದ ಅಸ್ತ್ರ ಸಿಕ್ಕಿತು, ಬೇಕಾದ ಗಳಿಗೆಯಲ್ಲಿ ಅದು ನೆನಪಿಗೆ ಬಾರದೆ ಹೋಗಲಿ ಎಂಬ ಮಾತೂ ಸಿಕ್ಕಿತು. ನಾವು ಕರ್ಣನಿಗಾಗಿ ಅಳುವುದು ಆ ಎರಡನೆಯದಕ್ಕೆ. ‘ಹೀರೋಸ್’ ಮೊದಲ ಸೀಸನ್ನಿನಲ್ಲಿ ಎಲ್ಲರ ವರಕ್ಕೂ ಇಂಥ ಒಂದು ಬೆನ್ನು ಇತ್ತು. ಚಿತ್ರಕಾರ ಐಸಾಕ್ ಭವಿಷ್ಯ ಬರೆಯಬಲ್ಲ, ಆದರೆ ಮೈಗೆ ಹೆರಾಯಿನ್ ಏರಿದಾಗ ಮಾತ್ರ ಅದು ಬರುತ್ತದೆಂದು ಅವನು ನಂಬಿದ್ದಾನೆ. ಲಾಸ್ ವೇಗಸ್‌ನ ನಿಕಿಗೆ ಹತ್ತಾಳಿನ ಬಲ, ಆದರೆ ಆ ಬಲ ಬಂದಾಗ ಅವಳು ಅವಳಾಗಿರುವುದಿಲ್ಲ, ಕನ್ನಡಿಯೊಳಗಿನ ಇನ್ನೊಬ್ಬಳು ಹೊರಗೆ ಬರುತ್ತಾಳೆ. ಪೇದೆ ಮ್ಯಾಟ್ ಪಾರ್ಕ್‌ಮನ್‌ಗೆ ಪರರ ಮನಸ್ಸಿನ ಮಾತು ಕೇಳಿಸುತ್ತದೆ. ಅಕ್ಷರಗಳು ಕಣ್ಣೆದುರು ಕಲಸಿಹೋಗುವುದರಿಂದ ಇಲಾಖೆಯ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋತ ಮನುಷ್ಯ ಅವನು. ಈ ಶಕ್ತಿ ಬಂದಾಗ ಇನ್ನು ಬದುಕು ನೆಟ್ಟಗಾಯಿತು ಎಂದುಕೊಳ್ಳುತ್ತಾನೆ. ಅದೇ ಶಕ್ತಿಯಿಂದ, ತನ್ನ ಹೆಂಡತಿಗೆ ತನ್ನದೇ ಸಹೋದ್ಯೋಗಿಯ ಜೊತೆ ಸಂಬಂಧವಿತ್ತೆಂದು ಆ ಸಹೋದ್ಯೋಗಿಯ ತಲೆಯೊಳಗಿಂದಲೇ ತಿಳಿಯುತ್ತದೆ. ಟೆಡ್ ಸ್ಪ್ರೇಗ್ ಎಂಬವನ ಮೈಯಿಂದ ವಿಕಿರಣ ಹೊಮ್ಮುತ್ತದೆ. ಅದು ಅವನಿಗೆ ಅರ್ಥವಾಗುವ ಹೊತ್ತಿಗೆ, ಪಕ್ಕದಲ್ಲಿ ಮಲಗುತ್ತಿದ್ದ ಹೆಂಡತಿ ಕ್ಯಾನ್ಸರ್‌ನಿಂದ ಸಾಯುತ್ತಿದ್ದಾಳೆ.

ಟೆಡ್ ಇರುವುದು ಬೆರಳೆಣಿಕೆಯ ಸಂಚಿಕೆಗಳಲ್ಲಿ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಎರಡನೇ ಸೀಸನ್ನಿನಿಂದ ಈ ಶಾಪ ಕಳಚಿತು, ವರ ಮಾತ್ರ ಉಳಿಯಿತು. ನ್ಯೂಯಾರ್ಕಿನ ಆ ನರ್ಸ್ ಪೀಟರ್ ಪೆಟ್ರೆಲಿಯನ್ನೇ ನೋಡಿ. ಹತ್ತಿರ ಬಂದವರ ಶಕ್ತಿಯೆಲ್ಲ ಅವನಿಗೆ ಅಂಟುತ್ತದೆ. ಮೊದಲ ಸೀಸನ್ ಮುಗಿಯುವಾಗ ಹಾರಬಲ್ಲ, ಮಾಯವಾಗಬಲ್ಲ, ಕಾಲವನ್ನು ನಿಲ್ಲಿಸಬಲ್ಲ, ಗಾಯವನ್ನು ಮಾಯಿಸಿಕೊಳ್ಳಬಲ್ಲ. ಇಂಥವನಿಗೆ ಕಷ್ಟ ಎಲ್ಲಿಂದ ತರುವುದು? ಬರೆಯುವವರು ಸಿಕ್ಕಿಬಿದ್ದರು. ಎರಡನೇ ಸೀಸನ್ನಿನಲ್ಲಿ ಅವನನ್ನು ಐರ್ಲೆಂಡಿನ ಕಾರ್ಕ್ ಬಂದರಿನ ಒಂದು ಕಂಟೇನರಿನೊಳಗೆ ಹಾಕಿ, ನೆನಪು ಅಳಿಸಿದರು. ಮೂರನೆಯದರಲ್ಲಿ ಅವನ ತಂದೆ ಒಂದೇ ಅಪ್ಪುಗೆಯಲ್ಲಿ ಎಲ್ಲ ಶಕ್ತಿಯನ್ನೂ ಹೀರಿಕೊಂಡ. ಕಾಲವನ್ನೇ ಬಗ್ಗಿಸಬಲ್ಲ ಟೋಕಿಯೋದ ಆ ನೌಕರ ಹಿರೋ ನಕಮುರನದೂ ಅದೇ ಕಥೆ. ಮೊದಲು ಅವನನ್ನು 1671ರ ಜಪಾನಿಗೆ ಕಳಿಸಿ ಅಲ್ಲೇ ಸಿಕ್ಕಿಸಿದರು, ಆಮೇಲೆ ಅವನ ಬುದ್ಧಿಯನ್ನು ಹತ್ತು ವರ್ಷದ ಹುಡುಗನದಾಗಿ ಮಾಡಿದರು, ಕೊನೆಗೆ ಮಿದುಳಿನಲ್ಲಿ ಗೆಡ್ಡೆ ತಂದರು.

ಹನುಮಂತನಿಗೂ ತನ್ನ ಶಕ್ತಿ ಮರೆತಿತ್ತಲ್ಲ ಎಂದು ನೀವು ಕೇಳಬಹುದು. ಮರೆತಿತ್ತು. ಆದರೆ ಆ ಮರೆವಿಗೆ ಋಷಿಗಳ ಶಾಪದ ಕಾರಣವಿದೆ, ಆ ಶಾಪಕ್ಕೆ ಹುಡುಗಾಟದ ಕಾರಣವಿದೆ. ಜಾಂಬವಂತ ನೆನಪಿಸಿದಾಗ ಸಮುದ್ರ ಎದುರಿಗಿದೆ. ಪೀಟರನ ಮರೆವಿನಲ್ಲಿ ನನಗೆ ಕಂಡದ್ದು ಬರಹಗಾರರ ಕೈ ಮಾತ್ರ.

ಇನ್ನೂ ನೋವಿನ ಸಂಗತಿ ಏನೆಂದರೆ, ಮರೆವನ್ನು ಹೇಗೆ ಬರೆಯಬೇಕೆಂದು ಇದೇ ಜನಕ್ಕೆ ಗೊತ್ತಿತ್ತು. ಮೊದಲ ಸೀಸನ್ನಿನಲ್ಲಿ, ಎಂಥ ಗಾಯವನ್ನೂ ಮಾಯಿಸಿಕೊಳ್ಳಬಲ್ಲ ಒಡೆಸ್ಸಾದ ಆ ಹುಡುಗಿ ಕ್ಲೇರ್‌ಳ ಸಾಕುತಾಯಿ ಸಾಂಡ್ರಾ ಇದ್ದಾಳೆ. ಗಂಡನ ಕೆಲಸದ ಗುಟ್ಟು ಹೊರಗೆ ಬಾರದಿರಲೆಂದು ಅವಳ ನೆನಪನ್ನು ಮತ್ತೆ ಮತ್ತೆ ಅಳಿಸಿ ಅಳಿಸಿ, ಒಂದು ದಿನ ಅವಳು ಕುಸಿದು ಆಸ್ಪತ್ರೆ ಸೇರುತ್ತಾಳೆ. ತಾನೇ ಸಾಕಿದ ಮಗಳನ್ನು ಯಾರೆಂದು ತಿಳಿಯದೆ ನೋಡುತ್ತಾಳೆ. ಅಲ್ಲಿ ಮರೆವಿಗೆ ಒಂದು ಬೆಲೆ ಇತ್ತು, ಆ ಬೆಲೆಯನ್ನು ಯಾವ ತಪ್ಪೂ ಮಾಡದ ಒಬ್ಬ ಗೃಹಿಣಿ ತೆರುತ್ತಿದ್ದಳು.

ಎಲ್ಲ ಹಾಳಾಗಿದ್ದು ಬರಹಗಾರರ ಮುಷ್ಕರದಿಂದ ಎಂದು ಎಲ್ಲರೂ ಹೇಳುತ್ತಾರೆ. ನೀವು ಆ ವಿಷಯ ಎತ್ತಲೇ ಇಲ್ಲ. — ನಿವೃತ್ತ ಉಪನ್ಯಾಸಕ, ಧಾರವಾಡ

ಎತ್ತುತ್ತೇನೆ ಸರ್, ನನಗೆ ಇದು ಹತ್ತಿರದ ವಿಷಯ.

ಅಮೆರಿಕದ ಬರಹಗಾರರ ಸಂಘ 2007ರ ನವೆಂಬರ್ 5ರಿಂದ 2008ರ ಫೆಬ್ರವರಿ 12ರವರೆಗೆ, 100 ದಿನ ಲೇಖನಿ ಕೆಳಗಿಟ್ಟಿತು. ಮುಖ್ಯ ಬೇಡಿಕೆ, ತಮ್ಮ ಕೆಲಸ ಇಂಟರ್‌ನೆಟ್ಟಿನಲ್ಲಿ ಮರುಪ್ರಸಾರವಾದರೆ ತಮಗೂ ಒಂದು ಪಾಲು ಬರಬೇಕು ಎಂಬುದು. ‘ಹೀರೋಸ್’ ಎರಡನೇ ಸೀಸನ್ನಿಗೆ 24 ಸಂಚಿಕೆ ಎಂದು ಗೊತ್ತಾಗಿತ್ತು. 11ಕ್ಕೇ ನಿಂತಿತು. ಮಾರಕ ವೈರಸ್ ಹೊರಗೆ ಹರಡುವ ಮುಂದಿನ ಅಧ್ಯಾಯವನ್ನೇ ಕೈಬಿಟ್ಟು, ಕೊನೆಯನ್ನು ಬದಲಿಸಿ, ಡಿಸೆಂಬರ್ 3ರಂದು ಮುಗಿಸಿದರು. ಅವಸರದಲ್ಲಿ ಬಾಗಿಲು ಹಾಕಿದ್ದು ನೋಡುವವರಿಗೆ ತಿಳಿಯುತ್ತದೆ. ಕೈಟ್ಲಿನ್ ಎಂಬ ಐರಿಶ್ ಹುಡುಗಿ ನಿಮಗೆ ನೆನಪಿದೆಯೇ? ಪೀಟರ್ ಅವಳನ್ನು ವೈರಸ್‌ನಿಂದ ಬರಿದಾದ ಮುಂದಿನ ವರ್ಷದ ನ್ಯೂಯಾರ್ಕಿಗೆ ಕರೆದೊಯ್ದು, ಅಲ್ಲೇ ಬಿಟ್ಟು ಬರುತ್ತಾನೆ. ಆ ಭವಿಷ್ಯ ನಡೆಯದಂತೆ ತಡೆಯುತ್ತಾರೆ. ಕೈಟ್ಲಿನ್ ಏನಾದಳು? ಮುಂದಿನ ಎರಡು ಸೀಸನ್‌ಗಳಲ್ಲಿ ಅವಳ ಸುದ್ದಿಯೇ ಇಲ್ಲ. ನಾಯಕ ಒಬ್ಬ ಹುಡುಗಿಯನ್ನು ಕಾಲದ ಆಚೆ ಕಳೆದು ಬಂದು, ಒಂದು ದಿನವೂ ಅವಳಿಗಾಗಿ ಕಣ್ಣೀರು ಹಾಕುವುದಿಲ್ಲ. ಇದನ್ನು ನಾನು ಕ್ಷಮಿಸಲಾರೆ.

ಆದರೆ ಮುಷ್ಕರದ ತಲೆಗೆ ಎಲ್ಲವನ್ನೂ ಕಟ್ಟಬೇಡಿ. ನೀವೂ ನಾನೂ ಬೇಸರಪಟ್ಟ ಆ ಮೊದಲ ಐದಾರು ಸಂಚಿಕೆಗಳು ಮುಷ್ಕರಕ್ಕೆ ಮುಂಚೆಯೇ ಬರೆದು ಚಿತ್ರೀಕರಿಸಿದವು. ಟಿಮ್ ಕ್ರಿಂಗ್ ಅವರೇ 2007ರ ನವೆಂಬರಿನಲ್ಲಿ ಒಂದು ವಾರಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಒಪ್ಪಿಕೊಂಡರು: ಕಥೆ ತೀರ ನಿಧಾನವಾಯಿತು, ಹಿರೋ ಹಳೆಯ ಜಪಾನಿನಲ್ಲಿ ಬಹಳ ಕಾಲ ಉಳಿದ, ಪ್ರೇಮ ಪ್ರಸಂಗಗಳು ಹೊಂದಲಿಲ್ಲ, ದೊಡ್ಡ ಅಪಾಯ ಏನೆಂದು ತೋರಿಸಲು ತಡಮಾಡಿದೆವು ಎಂದು. ಧಾರಾವಾಹಿ ಪ್ರಸಾರವಾಗುತ್ತಿರುವಾಗಲೇ ಅದರ ಜನಕ ಹೀಗೆ ತಪ್ಪೊಪ್ಪಿಕೊಂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಮನುಷ್ಯನ ಬಗ್ಗೆ ನನ್ನ ಗೌರವ ಹೆಚ್ಚಿತು.

ಮುಷ್ಕರ ಮಾಡಿದವರ ಬಗ್ಗೆಯೂ ಹೇಳಿಬಿಡುತ್ತೇನೆ. ನಾನು ಎರಡು ವರ್ಷ ಬರೆದ ಧಾರಾವಾಹಿಯೊಂದು ಬೇರೆ ಭಾಷೆಗೆ ಡಬ್ ಆಯಿತು, ಆಮೇಲೆ ಮೊಬೈಲಿನಲ್ಲೂ ಬಂತು. ನನಗೆ ಒಂದು ರೂಪಾಯಿ ಬರಲಿಲ್ಲ. ಕೇಳಿದಾಗ, ‘ನಿಮಗೆ ಸಂಚಿಕೆಗೆ ಇಷ್ಟು ಎಂದು ಕೊಟ್ಟಾಯಿತಲ್ಲ’ ಎಂದರು. ಅಕ್ಷರಕ್ಕೆ ಒಂದೇ ಸಲ ಕೂಲಿ. ಹಾಗಾಗಿ ಆ 100 ದಿನ ಚಳಿಯಲ್ಲಿ ಫಲಕ ಹಿಡಿದು ನಿಂತವರ ಮೇಲೆ ಒಂದು ಧಾರಾವಾಹಿಯ ಸಾವಿನ ಆರೋಪ ಹೊರಿಸಿದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ನಿಜವಾದ ತಪ್ಪು ಎಲ್ಲಿ ಆಯಿತು, ಒಂದೇ ಜಾಗ ತೋರಿಸಿ ಎಂದರೆ? — ಓದುಗ, ಸಾಗರ

ಮೊದಲ ಸೀಸನ್ನಿನ ಕೊನೆಯ ಸಂಚಿಕೆ, 2007ರ ಮೇ 21ರಂದು ಬಂದದ್ದು, ಅದರ ಕೊನೆಯ ಕೆಲವು ನಿಮಿಷ. ಖಳನಾಯಕ ಸೈಲರ್ ಕತ್ತಿಯಿಂದ ಇರಿಸಿಕೊಂಡು ಬಿದ್ದಿದ್ದಾನೆ. ಆಮೇಲೆ ಕ್ಯಾಮೆರಾ ರಕ್ತದ ಗೆರೆಯನ್ನು ಹಿಂಬಾಲಿಸುತ್ತ ಹೋಗಿ, ಮುಚ್ಚಳ ತೆರೆದ ಒಂದು ಮ್ಯಾನ್‌ಹೋಲ್ ತೋರಿಸುತ್ತದೆ. ಅಂಚಿನಲ್ಲಿ ಒಂದು ಜಿರಲೆ.

ಅಲ್ಲಿ ಬಿದ್ದ ಬಿರುಕು ಕೊನೆಯವರೆಗೂ ಮುಚ್ಚಲಿಲ್ಲ.

ಪ್ರತಿ ಸೀಸನ್ನಿಗೂ ಹೊಸ ಜನ, ಹೊಸ ಕಥೆ ತರಬೇಕೆಂಬುದು ತಮ್ಮ ಮೂಲ ಯೋಚನೆಯಾಗಿತ್ತೆಂದು ಕ್ರಿಂಗ್ ಹೇಳಿಕೊಂಡಿದ್ದಾರೆ. ಹಾಗೆ ಮಾಡಿದ್ದರೆ! ಆದರೆ ಜನ ಈ ಪಾತ್ರಗಳಿಗೆ ಮನಸೋತಿದ್ದರು. ಸೈಲರ್ ಆಗಿ ಜಕಾರಿ ಕ್ವಿಂಟೋ, ಕ್ಲೇರ್ ಆಗಿ ಹೇಡನ್ ಪ್ಯಾನೆಟಿಯರ್, ಹಿರೋ ಆಗಿ ಮಾಸಿ ಓಕ, ಇವರನ್ನೆಲ್ಲ ಬಿಟ್ಟುಕೊಡಲು ಯಾವ ವಾಹಿನಿಗೆ ತಾನೆ ಮನಸ್ಸು ಬಂದೀತು? ಹಾಗಾಗಿ ಎಲ್ಲರೂ ಉಳಿದರು. ಕ್ವೀನ್ಸ್‌ನ ಗಡಿಯಾರ ರಿಪೇರಿಯವನ ಮಗ, ತಾನೂ ವಿಶೇಷ ಆಗಬೇಕೆಂಬ ಹಸಿವಿನಲ್ಲಿ ಜನರ ತಲೆ ಸೀಳಿ ಶಕ್ತಿ ಕದಿಯುವವನು ಸೈಲರ್. ಎಂಥ ಪಾತ್ರ! ಅವನನ್ನು ಬದುಕಿಸಿಕೊಂಡ ಮೇಲೆ ಅವನಿಗೆ ದಿನವೂ ಹೊಸ ಕೆಲಸ ಹುಡುಕಬೇಕಾಯಿತು. ಒಮ್ಮೆ ಪೀಟರನ ಒಡಹುಟ್ಟಿದವನೆಂದರು, ಆಮೇಲೆ ಅದು ಸುಳ್ಳೆಂದರು. ಒಳ್ಳೆಯವನಾದ, ಕೆಟ್ಟವನಾದ, ಮತ್ತೆ ಒಳ್ಳೆಯವನಾದ. ಮೂರನೇ ಸೀಸನ್ನಿನ ಕೊನೆಗೆ ಪೀಟರನ ಅಣ್ಣ ನೇಥನ್‌ನನ್ನು ಅವನೇ ಕೊಲ್ಲುತ್ತಾನೆ. ಉಳಿದವರು ಸೇರಿ ಆ ಕೊಲೆಗಾರನಿಗೇ ‘ನೀನೇ ನೇಥನ್’ ಎಂದು ನಂಬಿಸಿ ಸತ್ತವನ ಮನೆಗೆ ಕಳಿಸುತ್ತಾರೆ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

ಇದನ್ನು ನಾನು ದೂರದಿಂದ ಹೇಳುತ್ತಿಲ್ಲ. ನಾನು ಬರೆದ ಒಂದು ಧಾರಾವಾಹಿಯಲ್ಲಿ 120ನೇ ಸಂಚಿಕೆಗೆ ಮಾವ ಸಾಯಬೇಕಿತ್ತು. ಸಾವಿಗಾಗಿಯೇ ಕಥೆ ಕಟ್ಟಿದ್ದೆವು, ಅವನ ಕೊನೆಯ ಮಾತು ನಾನು ಬರೆದಿಟ್ಟಾಗಿತ್ತು. ಪಾತ್ರ ಮಾಡುತ್ತಿದ್ದ ಹಿರಿಯ ಕಲಾವಿದರಿಗೆ ಊರೂರಿಂದ ಪತ್ರ ಬಂತು. ‘ಅವರನ್ನು ಉಳಿಸಿ’ ಎಂದು ಮೇಲಿನಿಂದ ಹೇಳಿಕೆ ಬಂತು. ಉಳಿಸಿದೆವು, ಕೋಮಾದಲ್ಲಿ ಮಲಗಿಸಿದೆವು. ಅವರು ಎದ್ದಾಗ ಹೇಳಿಸಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ಆ ಕೊನೆಯ ಮಾತಿನ ಹಾಳೆ ಇವತ್ತಿಗೂ ನನ್ನ ಕಡತದಲ್ಲಿದೆ.

ಚಿತ್ರಕಾರ ಐಸಾಕ್‌ನ ಸಾವನ್ನು ನೋಡಿ. ತನ್ನ ಸಾವನ್ನು ತಾನೇ ಮೊದಲು ಬರೆದಿಟ್ಟಿದ್ದ. ಸೈಲರ್ ಬಾಗಿಲಿಗೆ ಬಂದಾಗ ಓಡುವುದಿಲ್ಲ, ಮಾಡಬೇಕಾದ್ದನ್ನು ಮಾಡಿ ಮುಗಿಸಿ ಕಾಯುತ್ತಾನೆ. ತನ್ನದೇ ಕುಂಚಗಳಿಂದ ನೆಲಕ್ಕೆ ಚುಚ್ಚಲ್ಪಟ್ಟು ಸಾಯುತ್ತಾನೆ. (ತೆರೆಯ ಮೇಲೆ ಕಾಣುವ ಅವನ ಚಿತ್ರಗಳನ್ನು ನಿಜವಾಗಿ ಬರೆದವರು ಕಾಮಿಕ್ಸ್ ಕಲಾವಿದ ಟಿಮ್ ಸೇಲ್. ಆ ಬಣ್ಣಗಳಿಗಾಗಿಯೇ ಒಮ್ಮೆ ಈ ಸೀಸನ್ ನೋಡಬಹುದು.) ಐಸಾಕ್ ಸತ್ತದ್ದರಿಂದಲೇ ಅವನು ನನ್ನೊಳಗೆ ಉಳಿದಿದ್ದಾನೆ.

ಮೊದಲ ಸೀಸನ್ನಿನ ಕೊನೆಯಲ್ಲಿ ನೇಥನ್ ಬಂದು ಪೀಟರನನ್ನು ಎತ್ತಿಕೊಂಡು ಆಕಾಶಕ್ಕೆ ಹಾರುತ್ತಾನೆ. ಪೀಟರನಿಗೇ ಹಾರಲು ಬರುತ್ತಿತ್ತಲ್ಲ! ಇದನ್ನು ಯಾರೂ ಗಮನಿಸಲಿಲ್ಲವೇ? — ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಎಲ್ಲರೂ ಗಮನಿಸಿದರು ಮಾರಾಯ, ಆ ರಾತ್ರಿಯೇ. ಟೆಡ್‌ನ ಶಕ್ತಿ ಅಂಟಿಕೊಂಡು ಪೀಟರನೇ ಬಾಂಬ್ ಆಗಿದ್ದ. ಆ ಸ್ಥಿತಿಯಲ್ಲಿ ಬೇರೆ ಶಕ್ತಿ ಕೈಗೆ ಹತ್ತಲಿಲ್ಲ ಎಂದು ಸಮಾಧಾನ ಹೇಳಬಹುದು. ನನಗೆ ಆ ಸಮಾಧಾನ ಬೇಕಾಗಲಿಲ್ಲ. ಇಡೀ ಸೀಸನ್ ನೇಥನ್ ಚುನಾವಣೆಗಾಗಿ ತಮ್ಮನನ್ನು ಬಚ್ಚಿಡುತ್ತ, ಅವನ ಮಾತನ್ನು ಹುಚ್ಚೆನ್ನುತ್ತ ಬಂದಿದ್ದಾನೆ. ನಗರ ಸುಟ್ಟರೆ ತನಗೆ ಅಧಿಕಾರ ಎಂದು ತಾಯಿ ಕಿವಿಯಲ್ಲಿ ಊದಿದ್ದಾಳೆ. ಅವನು ಅದೆಲ್ಲವನ್ನೂ ಬಿಟ್ಟು ಇಳಿದು ಬಂದ ಆ ಕ್ಷಣ ನನಗೆ ಲೆಕ್ಕ ಹಾಕಲು ಆಗಲಿಲ್ಲ. ತೂತು ಇದೆ, ಒಪ್ಪಿದೆ. ಆದರೆ ಇದು ನೋಡಿ ಮುಗಿಸಿದ ಮೇಲೆ ಕಾಣುವ ತೂತು. ಎರಡನೇ ಸೀಸನ್ನಿನವು ನೋಡುತ್ತಿರುವಾಗಲೇ ಕಾಲು ಸಿಕ್ಕುವಂಥವು.

ಮೋಹಿಂದರ್ ಸುರೇಶ್ ನಮ್ಮ ಚೆನ್ನೈಯವನೆಂದು ಹೆಮ್ಮೆಯಿಂದ ನೋಡತೊಡಗಿದೆ. ಆಮೇಲೆ ಅವನನ್ನು ಏನು ಮಾಡಿಬಿಟ್ಟರು! — ನಲವತ್ತು ವರ್ಷದಿಂದ ಚೆನ್ನೈನಲ್ಲಿರುವ ಕನ್ನಡತಿ

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ ಅಮ್ಮ. ಅಮೆರಿಕದ ಇಷ್ಟು ದೊಡ್ಡ ಧಾರಾವಾಹಿಯಲ್ಲಿ ಭಾರತದ ಪ್ರಾಧ್ಯಾಪಕನೊಬ್ಬ ಕಥೆಯ ಸೂತ್ರಧಾರ ಆಗಿದ್ದು ಆಗ ಸಣ್ಣ ವಿಷಯವಾಗಿರಲಿಲ್ಲ. ತಂದೆ ಚಂದ್ರ ಸುರೇಶ್ ತಳಿವಿಜ್ಞಾನಿ, ಇಂಥ ಶಕ್ತಿಯ ಜನರನ್ನು ಹುಡುಕುತ್ತ ನ್ಯೂಯಾರ್ಕಿಗೆ ಹೋಗಿ ಕೊಲೆಯಾಗುತ್ತಾನೆ. ಮಗ ಮದ್ರಾಸಿನ ತರಗತಿ ಬಿಟ್ಟು ಅಪ್ಪನ ಕೆಲಸ ಮುಂದುವರಿಸಲು ಹೊರಡುತ್ತಾನೆ, ಅಪ್ಪನಂತೆಯೇ ಅಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ತೆರೆಯ ಮೇಲೆ ಊರಿನ ಹೆಸರು ‘ಮದ್ರಾಸ್’ ಎಂದೇ ಬಂದಾಗ, ಚೆನ್ನೈ ಆಗಿ ಆಗಲೇ ಹತ್ತು ವರ್ಷವಾಗಿತ್ತಲ್ಲ ಎಂದು ನಮ್ಮ ಮನೆಯಲ್ಲೂ ಮಾತಾಯಿತು. ಪಾತ್ರ ಮಾಡಿದ ಸೆಂಥಿಲ್ ರಾಮಮೂರ್ತಿ ಹುಟ್ಟಿದ್ದು ಷಿಕಾಗೋದಲ್ಲಿ, ಬೆಳೆದದ್ದು ಟೆಕ್ಸಾಸ್‌ನಲ್ಲಿ. ಹಲವು ಸಂಚಿಕೆಗಳ ಆದಿ ಅಂತ್ಯಕ್ಕೆ ಬರುತ್ತಿದ್ದ ಆ ಗಂಭೀರ ದನಿ ಅವರದೇ.

ಮೊದಲ ಸೀಸನ್ನಿನಲ್ಲಿ ಅವನಿಗೆ ಯಾವ ಶಕ್ತಿಯೂ ಇಲ್ಲ. ಇರುವುದು ಅಪ್ಪನ ಪುಸ್ತಕ, ನಕ್ಷೆ, ದಾರಗಳು. ತಾನು ಹುಟ್ಟಿದ ಹೊತ್ತಿಗೆ ಕಾಯಿಲೆಯಲ್ಲಿ ನರಳುತ್ತಿದ್ದ ಅಕ್ಕ ಶಾಂತಿಯ ಬಗ್ಗೆ ತಡವಾಗಿ ತಿಳಿಯುತ್ತದೆ. ಅದೇ ಕಾಯಿಲೆ ಬಂದ ಪುಟ್ಟ ಹುಡುಗಿ ಮಾಲಿಯನ್ನು ತನ್ನ ರಕ್ತ ಕೊಟ್ಟು ಬದುಕಿಸುತ್ತಾನೆ. ಎಲ್ಲರೂ ಹಾರುತ್ತ ಉರಿಯುತ್ತ ಇರುವಾಗ, ಒಬ್ಬ ಸಾಮಾನ್ಯ ಮನುಷ್ಯ ತನ್ನ ರಕ್ತದಿಂದ ಮಗುವೊಂದನ್ನು ಉಳಿಸಿದ್ದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಮೂರನೇ ಸೀಸನ್ನಿನಲ್ಲಿ ಅವನೇ ಸೂಜಿ ಚುಚ್ಚಿಕೊಂಡು ಶಕ್ತಿ ತಂದುಕೊಳ್ಳುತ್ತಾನೆ. ಮೈಮೇಲೆ ಹುರುಪೆ ಏಳುತ್ತದೆ, ಜನರನ್ನು ಹಿಡಿದು ರೇಷ್ಮೆಗೂಡಿನಂಥದರಲ್ಲಿ ಗೋಡೆಗೆ ಅಂಟಿಸುತ್ತಾನೆ. ಶಕ್ತಿಯಿಲ್ಲದವನಿಗೂ ಇಲ್ಲಿ ಜಾಗವಿದೆ ಎಂಬ ಮಾತನ್ನು ಅವರೇ ಅಳಿಸಿಹಾಕಿದರು.

ಒಂದು ಸಂತೋಷದ ವಿಷಯ ಹೇಳುತ್ತೇನೆ. ಹಿನ್ನೆಲೆ ಸಂಗೀತದಲ್ಲಿ ನಮ್ಮ ರಾಗದ ಛಾಯೆಯ ಒಂದು ಆಲಾಪ ಬರುತ್ತದೆ, ಗಮನಿಸಿದ್ದೀರಾ? ಸಂಗೀತ ವೆಂಡಿ ಮತ್ತು ಲೀಸಾ ಜೋಡಿಯದು, ಆ ಕಂಠ ಶೆಂಕರ್ ಎಂಬ ಹೆಸರಿನ ನಮ್ಮ ಎಲ್. ಶಂಕರ್ ಅವರದು. ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ ಅವರ ತಮ್ಮ, ‘ಶಕ್ತಿ’ ತಂಡದಲ್ಲಿ ನುಡಿಸಿದವರು. ನಿಮ್ಮ ಊರಿನ ದನಿ ಅಲ್ಲಿ ಕೊನೆಯವರೆಗೂ ಕೆಡಲಿಲ್ಲ.

ಮಗನಿಗೆ ಹನ್ನೊಂದು ವರ್ಷ. ಅವನೊಂದಿಗೆ ನೋಡಬಹುದೇ? — ಗೃಹಿಣಿ, ತುಮಕೂರು

ಬೇಡಮ್ಮ. ಸೈಲರ್ ತಲೆ ಕತ್ತರಿಸುವುದನ್ನು ತೋರಿಸುತ್ತಾರೆ, ಕ್ಲೇರ್ ಶವಪರೀಕ್ಷೆಯ ಮೇಜಿನ ಮೇಲೆ ಎದೆ ಸೀಳಿದ ಸ್ಥಿತಿಯಲ್ಲಿ ಏಳುತ್ತಾಳೆ. ಹದಿನೈದು ದಾಟಲಿ. ಆಗ ಹಿರೋನಿಂದ ಶುರುಮಾಡಿ. ಟೋಕಿಯೋದ ಕಚೇರಿಯಲ್ಲಿ ಕಣ್ಣು ಕಿರಿದು ಮಾಡಿ, ಗಡಿಯಾರದ ಮುಳ್ಳನ್ನು ಮನಸ್ಸಿನ ಬಲದಿಂದ ಹಿಂದೆ ತಳ್ಳಿ, ‘ಯಾಟ್ಟಾ!’ ಎಂದು ಎರಡೂ ಕೈ ಎತ್ತಿ ಕೂಗುವ ಆ ಹುಡುಗನನ್ನು ನಿಮ್ಮ ಮಗ ಮರೆಯುವುದಿಲ್ಲ.

ಮೇಡಂ, ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ, ವೆಬ್ ಸರಣಿ ಬರೆಯಬೇಕೆಂಬ ಆಸೆ. ಈ ಧಾರಾವಾಹಿಯಲ್ಲಿ ಕಲಿಯಲು ಒಂದೇ ಒಂದು ಸಂಚಿಕೆ ನೋಡಬೇಕೆಂದರೆ ಯಾವುದು? — ವಿದ್ಯಾರ್ಥಿನಿ, ಮಂಗಳೂರು

ನಿನಗೆ ನನ್ನ ಮಗಳ ವಯಸ್ಸು, ಏಕವಚನದಲ್ಲೇ ಬರೆಯುತ್ತೇನೆ.

ಹದಿನೇಳನೆಯದು. ‘ಕಂಪನಿ ಮ್ಯಾನ್’. ಬರೆದವರು ಬ್ರಯಾನ್ ಫುಲ್ಲರ್. ಎರಡು ಸಲ ನೋಡು. ಮೊದಲ ಸಲ ಸುಮ್ಮನೆ, ಎರಡನೇ ಸಲ ಪೆನ್ನು ಹಿಡಿದು.

ಅದುವರೆಗಿನ ಸಂಚಿಕೆಗಳು ಐದಾರು ಊರು ಸುತ್ತುತ್ತಿದ್ದವು. ಇದರಲ್ಲಿ ಬಹುಪಾಲು ಒಂದೇ ಮನೆ, ಒಂದೇ ಕುಟುಂಬ. ಕ್ಲೇರ್‌ಳ ಸಾಕುತಂದೆ ನೋವಾ ಬೆನೆಟ್, ದಪ್ಪ ಫ್ರೇಮಿನ ಕನ್ನಡಕದ ಮನುಷ್ಯ. ಕಾಗದದ ವ್ಯಾಪಾರಿ ಎಂದು ಹೇಳಿಕೊಂಡು, ಶಕ್ತಿಯುಳ್ಳವರನ್ನು ಹಿಡಿಯುವ ಗುಪ್ತ ಸಂಸ್ಥೆಯಲ್ಲಿ ದುಡಿಯುವವನು. ನಾವು ಅವನನ್ನು ಖಳನೆಂದೇ ತಿಳಿದಿದ್ದೇವೆ. ಮ್ಯಾಟ್ ಮತ್ತು ಟೆಡ್ ಅವನ ಮನೆಗೆ ನುಗ್ಗಿ ಬಂದೂಕು ಹಿಡಿದು ಎಲ್ಲರನ್ನೂ ಕೂರಿಸುತ್ತಾರೆ. ನಡುನಡುವೆ ಕಪ್ಪು ಬಿಳುಪಿನಲ್ಲಿ ಹಿಂದಿನ ಹದಿನೈದು ವರ್ಷ ಬರುತ್ತದೆ: ಒಂದು ತಾರಸಿಯ ಮೇಲೆ ಹಸುಗೂಸನ್ನು ಅವನ ಕೈಗಿಡುತ್ತಾರೆ, ‘ಇವಳನ್ನು ಸಾಕು, ಆದರೆ ಶಕ್ತಿ ಬಂದರೆ ನಮಗೆ ಒಪ್ಪಿಸು’ ಎನ್ನುತ್ತಾರೆ. ಸಂಸ್ಥೆಗೆ ದ್ರೋಹ ಬಗೆದನೆಂದು ತನ್ನ ಜೊತೆಗಾರನನ್ನೇ ಒಂದು ಸೇತುವೆಯ ಮೇಲೆ ಗುಂಡಿಕ್ಕುತ್ತಾನೆ. ಅಂಗಡಿಯಲ್ಲಿ ಮನೆಯವರೊಂದಿಗೆ ಕನ್ನಡಕ ಆರಿಸುತ್ತಾನೆ.

ಗಮನಿಸು, ಅಲ್ಲಿ ದೊಡ್ಡ ಶಕ್ತಿಪ್ರದರ್ಶನ ಬರುವುದು ಒಂದೇ ಸಲ. ಟೆಡ್ ಹತೋಟಿ ತಪ್ಪಿ ಉರಿಯತೊಡಗಿದಾಗ ಕ್ಲೇರ್ ಅವನಿಗೆ ಮತ್ತು ಬರಿಸುವ ಮದ್ದು ಚುಚ್ಚಲು ಆ ಬೆಂಕಿಯೊಳಕ್ಕೆ ನಡೆದುಹೋಗುತ್ತಾಳೆ. ಹೊರಗೆ ಬರುವಾಗ ಚರ್ಮ ಪೂರ್ತಿ ಸುಟ್ಟು ಕಪ್ಪಾಗಿದೆ, ನಿಧಾನ ಮಾಯುತ್ತಿದೆ. ಅಪ್ಪ ನೋಡುತ್ತ ನಿಂತಿದ್ದಾನೆ. ಅಷ್ಟು ಹೊತ್ತಿಗೆ ನಮಗೆ ಬೆಂಕಿಗಿಂತ ಅವನ ಮುಖವೇ ಮುಖ್ಯವಾಗಿರುತ್ತದೆ.

ನಾವು ನೋಡುವಾಗ ಸರಿಯಾಗಿ ಅವಳು ಬೆಂಕಿಯೊಳಗೆ ಹೋದಾಗ ಕರೆಂಟ್ ಹೋಯಿತು, ಎರಡೇ ನಿಮಿಷಕ್ಕೆ ಲ್ಯಾಪ್‌ಟಾಪಿನ ಬ್ಯಾಟರಿಯೂ ಸತ್ತಿತು. ಮುಕ್ಕಾಲು ಗಂಟೆ ಕತ್ತಲಲ್ಲಿ ಕೂತಿದ್ದೆವು. ನಮ್ಮಕ್ಕ ಇಂಗ್ಲಿಷ್ ಅಷ್ಟಾಗಿ ಅರ್ಥವಾಗದವಳು, ಆ ಕತ್ತಲಲ್ಲಿ ಕೇಳಿದ್ದು ಇಷ್ಟೇ: ‘ಆ ಅಪ್ಪ ಮಗುವನ್ನು ಕೊಟ್ಟುಬಿಡ್ತಾನೇನೆ?’ ಅವಳಿಗೆ ಯಾವ ಶಕ್ತಿಯೂ, ಯಾವ ಸಂಸ್ಥೆಯೂ ಲೆಕ್ಕಕ್ಕಿರಲಿಲ್ಲ. ಆ ಪ್ರಶ್ನೆ ಹುಟ್ಟಿಸುವಂತೆ ಬರೆ ಮಗಳೇ.

ಅವನು ಕೊಡುವುದಿಲ್ಲ. ಮಗಳು ಎಲ್ಲಿಗೆ ಹೋದಳೆಂದು ತನ್ನಿಂದ ಯಾರೂ ಕಸಿಯಬಾರದೆಂದು, ತನ್ನ ನೆನಪನ್ನೇ ಅಳಿಸಿಬಿಡು ಎಂದು ಕೇಳಿಕೊಳ್ಳುತ್ತಾನೆ. ಮೇಲೆ ಹೇಳಿದೆನಲ್ಲ, ಮರೆವಿನ ಬೆಲೆ ಎಂದು. ಇಷ್ಟು ದಿನ ಹೆಂಡತಿಗೆ ಮಾಡಿಸಿದ್ದನ್ನು ಈಗ ತಾನು ತಲೆಬಾಗಿ ತೆಗೆದುಕೊಳ್ಳುತ್ತಾನೆ. ಫುಲ್ಲರ್ ಮೊದಲ ಸೀಸನ್ ಆದಮೇಲೆ ತಮ್ಮದೇ ಬೇರೆ ಧಾರಾವಾಹಿಗಾಗಿ ಹೊರಟುಹೋದರು. ಮೂರನೆಯದರ ನಡುವೆ ಮತ್ತೆ ಬಂದರು, ಆದರೆ ಆ ಹೊತ್ತಿಗೆ ಎಳೆಗಳು ಬಿಡಿಸಲಾಗದಷ್ಟು ಗೋಜಲಾಗಿದ್ದವು.

2015ರಲ್ಲಿ ‘ಹೀರೋಸ್ ರೀಬಾರ್ನ್’ ಎಂದು ಮತ್ತೆ ಬಂತಲ್ಲ, ಅದು ಹೇಗಿದೆ? — ಓದುಗ, ಬಳ್ಳಾರಿ

13 ಸಂಚಿಕೆ. ನೋವಾ ಬೆನೆಟ್ ಆಗಿ ಜಾಕ್ ಕೋಲ್ಮನ್ ಮತ್ತೆ ಬಂದಿದ್ದಾರೆ ಎಂಬ ಒಂದೇ ಕಾರಣಕ್ಕೆ ಕೂತೆ. ಕ್ಲೇರ್ ಇಲ್ಲ. ಅವಳಿ ಮಕ್ಕಳನ್ನು ಹೆರುವಾಗ ಸತ್ತಳು ಎನ್ನುತ್ತಾರೆ. ಎಷ್ಟು ಎತ್ತರದಿಂದ ಬಿದ್ದರೂ ಮುರಿದ ಮೂಳೆ ತಾನೇ ಕೂಡಿಸಿಕೊಂಡು ಎದ್ದು ನಡೆದ ಹುಡುಗಿ, ತೆರೆಯ ಹಿಂದೆ, ಮಾತಿನಲ್ಲಿ ಸತ್ತಳು. ಅದಕ್ಕೆ ಅವರು ಕೊಟ್ಟ ಕಾರಣವನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. ನೋವಾನ ಮುಖವನ್ನೇ ನೋಡುತ್ತಿದ್ದೆ. ಕನ್ನಡಕ ಅದೇ, ಕೂದಲು ನೆರೆತಿದೆ. ನಮ್ಮಕ್ಕ ಅಷ್ಟರಲ್ಲಿ ತೀರಿಕೊಂಡಿದ್ದಳು. ಇದ್ದಿದ್ದರೆ ಅವಳಿಗೆ ಈ ಸುದ್ದಿಯನ್ನು ಹೇಗೆ ಹೇಳುತ್ತಿದ್ದೆನೋ ಗೊತ್ತಿಲ್ಲ. ಮೂರು ಸಂಚಿಕೆ ನೋಡಿ ನಿಲ್ಲಿಸಿದೆ, ಮಾರನೆಯ ದಿನ ಹದಿನೇಳನೆಯದನ್ನು ಮತ್ತೆ ಹಾಕಿಕೊಂಡು ಕೂತೆ.